ಬ್ರೌಸರ್‌ಗೆ ಮಾಲ್ಟೀಸ್ ಸೇರಿಸಿದರೆ: ಫೈರ್‌ಫಾಕ್ಸ್, ಕ್ರೋಮ್, ಎಡ್ಜ್, ಸಫಾರಿ

ಮಾಲ್ಟಾದಲ್ಲಿ ಇಂಗ್ಲಿಷ್ ಬಂದರೆ ಬದುಕು ಸಾಗುತ್ತದೆ. ಕೆಲಸಕ್ಕೆಂದು ಬಂದ ನಮ್ಮವರಲ್ಲಿ ಹೆಚ್ಚಿನವರು ಅಷ್ಟಕ್ಕೇ ನಿಲ್ಲಿಸುತ್ತಾರೆ, ತಪ್ಪೇನಿಲ್ಲ. ಆದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಕಿವಿಗೆ ಬೀಳುವುದು ಮಾಲ್ಟೀಸ್. ಸಿಸಿಲಿಯ ಅರಬ್ಬಿಯಿಂದ ಕವಲೊಡೆದು, ಇಟಾಲಿಯನ್ ಪದಗಳನ್ನು ಧಾರಾಳವಾಗಿ ತುಂಬಿಕೊಂಡು, ರೋಮನ್ ಲಿಪಿಯಲ್ಲಿ ಬರೆಯಿಸಿಕೊಳ್ಳುವ ಭಾಷೆ. ಅದನ್ನು ಓದಿ ರೂಢಿ ಮಾಡಿಕೊಳ್ಳೋಣವೆಂದು ಕೈಗೆ ಸಿಕ್ಕ ಬ್ರೌಸರುಗಳಿಗೆಲ್ಲ ಸೇರಿಸಿ ನೋಡಿದೆ. ಸೇರಿಸುವುದು ಎಲ್ಲ ಕಡೆಯೂ ಸುಲಭವೇ. ಸೇರಿಸಿದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ ಮಾತ್ರ ಅಜಗಜಾಂತರ.

ಬ್ರೌಸರಿನ ಭಾಷಾ ಪಟ್ಟಿ ಅಂದರೆ, ಪ್ರತಿ ಜಾಲತಾಣದ ಬಾಗಿಲಲ್ಲೂ ಬ್ರೌಸರ್ ಕೊಡುವ ಒಂದು ಚೀಟಿ. ಆಕ್ಸೆಪ್ಟ್-ಲ್ಯಾಂಗ್ವೇಜ್ ಎಂಬ ಹೆಡರಿನಲ್ಲಿ, ಅಂದರೆ ಪುಟ ಕೇಳುವಾಗ ಬ್ರೌಸರ್ ಜೊತೆಗೆ ಕಳಿಸುವ ಸಾಲಿನಲ್ಲಿ, ನಮಗೆ ಬೇಕಾದ ಭಾಷೆಗಳ ಕೋಡ್ ಸಾಲಾಗಿ ಹೋಗುತ್ತವೆ; ಮಾಲ್ಟೀಸಿನದು ಎಂ-ಟಿ, ಕನ್ನಡದ್ದು ಕೆ-ಎನ್. ಮೊದಲನೆಯದಕ್ಕೆ ಪೂರ್ತಿ ತೂಕ, ಅನಂತರದವುಗಳಿಗೆ ಇಳಿಯುತ್ತಾ ಹೋಗುತ್ತದೆ. ಓದಿ ಅದರಂತೆ ನಡೆಯುವುದು, ಬಿಡುವುದು ತಾಣದ ಮರ್ಜಿ. ಬ್ರೌಸರಿನ ಸ್ವಂತ ಮೆನುಗಳು ಯಾವ ಭಾಷೆಯಲ್ಲಿರಬೇಕು ಎಂಬುದು ಬೇರೆಯೇ ವಿಷಯ. ಈ ಎರಡನ್ನು ಬೆರೆಸಿಕೊಂಡರೆ ಸೆಟ್ಟಿಂಗ್ಸ್ ಪುಟದಲ್ಲಿ ತಲೆ ಕೆಡುವುದು ಖಂಡಿತ.

ಇವೆರಡನ್ನೂ ಬಿಡಿಸಿ ತೋರಿಸುವುದು ಫೈರ್‌ಫಾಕ್ಸ್. ಮೆನುವಿನ ಭಾಷೆಗೆ ಒಂದು ಜಾಗ, ಪುಟಗಳ ಭಾಷೆಗೆ ಇನ್ನೊಂದು. ಪುಟಗಳ ಪಟ್ಟಿಗೆ ಮಾಲ್ಟೀಸ್ ಹಾಕಿ ಮೇಲಕ್ಕೇರಿಸಿದರೆ ಮುಗಿಯಿತು. ಪಟ್ಟಿಯಲ್ಲಿಲ್ಲದ ಭಾಷೆ ಬೇಕೆಂದರೂ ದಾರಿಯಿದೆ: ಅಬೌಟ್-ಕಾನ್ಫಿಗ್ ಎಂಬ ಒಳಗಿನ ಸೆಟ್ಟಿಂಗುಗಳ ಪುಟದಲ್ಲಿ ಭಾಷೆಗಳ ಆ ಸಾಲನ್ನು ಕೈಯಾರೆ ತಿದ್ದಬಹುದು. ಇಷ್ಟು ಸಲಿಗೆ ಉಳಿದ ಮೂರೂ ಕೊಡುವುದಿಲ್ಲ. ಕೊರತೆಯೆಂದರೆ ಫೈರ್‌ಫಾಕ್ಸಿನ ಮೆನುಗಳು ಕನ್ನಡದಲ್ಲಿ ಸಿಗುತ್ತವೆ, ಮಾಲ್ಟೀಸಿನಲ್ಲಿ ಸಿಗುವುದಿಲ್ಲ.

ಕ್ರೋಮ್‌ನದೂ ಅದೇ ಕಥೆ. ಪುಟಗಳಿಗೆ ಮಾಲ್ಟೀಸ್ ಉಂಟು, ಮೆನುವಿಗೆ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಪಟ್ಟಿಗೆ ಸೇರಿಸಿದ ಭಾಷೆ ನಿಮಗೆ ಓದಲು ಬರುತ್ತದೆಂದೇ ಕ್ರೋಮ್ ತಿಳಿಯುತ್ತದೆ. ಹಾಗಾಗಿ ಆ ಭಾಷೆಯ ಪುಟ ತೆರೆದಾಗ ಅನುವಾದಿಸಲೇ ಎಂದು ಕೇಳುವುದನ್ನು ನಿಲ್ಲಿಸುತ್ತದೆ. ಭಾಷೆ ಬಲ್ಲವರಿಗೆ ಇದು ನ್ಯಾಯವೇ. ನನ್ನಂಥ ಅರೆಬರೆ ಕಲಿತವನಿಗೆ ಊರುಗೋಲು ಕಿತ್ತುಕೊಂಡ ಹಾಗೆ. ಬಲ ಕ್ಲಿಕ್ ಮಾಡಿ ಅನುವಾದ ಆರಿಸಬಹುದು, ಇಲ್ಲವೇ ಅನುವಾದದ ಸೆಟ್ಟಿಂಗಿಗೆ ಹೋಗಿ 'ಕೇಳಬೇಡ' ಎಂಬ ಪಟ್ಟಿಯಿಂದ ಮಾಲ್ಟೀಸನ್ನು ತೆಗೆಯಬಹುದು. ಗೂಗಲ್ ಅನುವಾದಕ್ಕೆ ಮಾಲ್ಟೀಸೂ ಗೊತ್ತು, ಕನ್ನಡವೂ ಗೊತ್ತು. ಸುದ್ದಿಯ ತಲೆಬರಹಗಳು ಕನ್ನಡದಲ್ಲಿ ಚೆನ್ನಾಗಿಯೇ ಬಂದವು. ಅಭಿಪ್ರಾಯ ಲೇಖನಗಳ ವ್ಯಂಗ್ಯ ದಾರಿಯಲ್ಲೇ ಸೋರಿಹೋಗುತ್ತದೆ, ಅದಕ್ಕೆ ಇಂಗ್ಲಿಷ್ ಅನುವಾದವನ್ನೇ ಓದುವುದು ವಾಸಿ.

ನಾನು ಎದುರು ನೋಡದಿದ್ದದ್ದು ಎಡ್ಜ್‌ನಲ್ಲಿ ಸಿಕ್ಕಿತು. ಎಡ್ಜ್ ಕಟ್ಟಿರುವುದು ಕ್ರೋಮ್ ನಿಂತಿರುವ ಕ್ರೋಮಿಯಂ ಅಡಿಪಾಯದ ಮೇಲೆಯೇ, ಭಾಷೆ ಸೇರಿಸುವ ಪುಟವೂ ಹೆಚ್ಚುಕಡಿಮೆ ಅದೇ. ಆದರೆ ವಿಂಡೋಸ್‌ನಲ್ಲಿ ಮಾಲ್ಟೀಸ್ ಸೇರಿಸಿ, ಪಕ್ಕದ ಮೂರು ಚುಕ್ಕಿ ಒತ್ತಿದರೆ, ಎಡ್ಜನ್ನೇ ಈ ಭಾಷೆಯಲ್ಲಿ ತೋರಿಸು ಎಂಬ ಆಯ್ಕೆ ಬರುತ್ತದೆ. ಬ್ರೌಸರ್ ಮುಚ್ಚಿ ತೆರೆದರೆ ಮೆನು, ಸೆಟ್ಟಿಂಗ್ಸ್, ಎಚ್ಚರಿಕೆಯ ಸಾಲುಗಳು ಎಲ್ಲ ಮಾಲ್ಟೀಸ್! ಕನ್ನಡ, ಕೊಂಕಣಿಯೂ ಅದರಲ್ಲಿವೆ, ಮಂಗಳೂರಿನವರು ಗಮನಿಸಿ. ಭಾಷೆ ಕಲಿಯುವವರಿಗೆ ಮೆನುವಿಗಿಂತ ಒಳ್ಳೆಯ ಪಠ್ಯಪುಸ್ತಕ ಸಿಗಲಿಕ್ಕಿಲ್ಲ. ಯಾವ ಗುಂಡಿ ಎಲ್ಲಿದೆ ಎಂದು ಕೈಗೆ ಮೊದಲೇ ಗೊತ್ತಿರುವುದರಿಂದ ಪದದ ಅರ್ಥ ತಾನಾಗಿ ಹೊಳೆಯುತ್ತದೆ. ಮ್ಯಾಕ್‌ನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ಎಡ್ಜ್ ಯಂತ್ರದ ಭಾಷೆಯನ್ನೇ ಹಿಂಬಾಲಿಸುತ್ತದೆ.

ಸಫಾರಿ ಬಗ್ಗೆ ಹೇಳಲು ಹೆಚ್ಚಿಲ್ಲ. ಅದಕ್ಕೆ ಸ್ವಂತದ ಪಟ್ಟಿಯೇ ಇಲ್ಲ. ಮ್ಯಾಕ್‌ನ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗನ್ನೇ ಬದಲಿಸಬೇಕು. ಒಂದು ಬ್ರೌಸರಿಗಾಗಿ ಇಡೀ ಯಂತ್ರದ ಭಾಷಾಕ್ರಮ ಅಲುಗಾಡಿಸುವುದು ನನಗೆ ಒಗ್ಗಲಿಲ್ಲ.

ಇಷ್ಟು ಮಾಡಿದ್ದಕ್ಕೆ ಫಲವೇನು? ವಿಕಿಪೀಡಿಯದ ಮುಖಪುಟದಲ್ಲಿ ಭೂಗೋಳದ ಸುತ್ತ ಹತ್ತು ಭಾಷೆಗಳ ಹೆಸರು ಇರುತ್ತವಲ್ಲ, ಅಲ್ಲಿ ಮಾಲ್ಟೀಸೂ ಕನ್ನಡವೂ ಬಂದು ಕೂತವು. ಲಾಗಿನ್ ಆಗದೆ ತೆರೆದರೆ ಗೂಗಲ್ ಹುಡುಕಾಟದ ಪುಟವೂ ಮಾಲ್ಟೀಸಿಗೆ ತಿರುಗಿತು. ಐರೋಪ್ಯ ಒಕ್ಕೂಟದ ತಾಣಗಳು ಮಾಲ್ಟೀಸಿನ ದೊಡ್ಡ ಕಣಜ, ಆದರೆ ಅವುಗಳ ವಿಳಾಸದಲ್ಲೇ ಭಾಷೆಯ ಕೋಡ್ ಅಡಕವಾಗಿರುತ್ತದೆ. ಇಂಗ್ಲಿಷ್ ಪುಟದ ಕೊಂಡಿ ಒತ್ತಿ ಒಳಗೆ ಹೋದರೆ ಹೆಡರ್ ಏನೇ ಹೇಳಲಿ, ಸಿಗುವುದು ಇಂಗ್ಲಿಷೇ. (2004ರ ಮೇ 1ಕ್ಕೆ ಮಾಲ್ಟೀಸ್ ಒಕ್ಕೂಟದ ಅಧಿಕೃತ ಭಾಷೆಯಾದಾಗ, ಸಾಕಷ್ಟು ಅನುವಾದಕರಿಲ್ಲವೆಂದು ಎಲ್ಲ ಕಾನೂನುಗಳನ್ನೂ ಅದರಲ್ಲಿ ಪ್ರಕಟಿಸುವ ಕಟ್ಟುಪಾಡನ್ನು ಮೂರು ವರ್ಷ ಸಡಿಲಿಸಿದ್ದರು. ಈಗ ಓದಿ ಮುಗಿಯದಷ್ಟಿದೆ.) ಮಾಲ್ಟಾದ ಅಂಗಡಿ, ಬಾಡಿಗೆ ಮನೆಗಳ ತಾಣಗಳಲ್ಲಿ ನಾನು ನೋಡಿದವು ಬಹುತೇಕ ಇಂಗ್ಲಿಷಿನವು, ಅಲ್ಲಿ ಯಾವ ಬ್ರೌಸರಾದರೂ ಒಂದೇ.

ಇನ್ನೊಂದು ಮಾತು. ಮಾಲ್ಟೀಸ್, ಕನ್ನಡ, ಇಂಗ್ಲಿಷ್ ಎಂಬ ಸಾಲನ್ನು ಹೊತ್ತು ತಿರುಗುವವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು? ಜಾಹೀರಾತಿನವರಿಗೆ ಹೆಸರು ಬೇಕಿಲ್ಲ, ಈ ಸಾಲೇ ಗುರುತಿನ ಚೀಟಿಯಂತೆ ಕೆಲಸ ಮಾಡಬಲ್ಲದು. ಈ ದೃಷ್ಟಿಯಿಂದ, ತಾಣಗಳಿಗೆ ಸಾಮಾನ್ಯವಾಗಿ ಉದ್ದನೆಯ ಪಟ್ಟಿ ಒಪ್ಪಿಸದ ಸಫಾರಿಗೆ ಒಂದು ಅಂಕ ಹೆಚ್ಚು ಕೊಡಬೇಕು.

ಒಂದನ್ನೇ ಆರಿಸು ಎಂದರೆ, ವಿಂಡೋಸ್ ಇರುವವರಿಗೆ ಎಡ್ಜ್. ಬ್ರೌಸರೇ ಮಾಲ್ಟೀಸ್ ಆಡುವುದು ಈ ನಾಲ್ಕರಲ್ಲಿ ಅದೊಂದೇ. ಮ್ಯಾಕ್, ಲಿನಕ್ಸ್‌ನವರಿಗೆ ಫೈರ್‌ಫಾಕ್ಸ್. ನಾನಂತೂ ಎಡ್ಜನ್ನು ಪೂರ್ತಿ ಮಾಲ್ಟೀಸಿಗೆ ಬಿಟ್ಟುಕೊಟ್ಟಿದ್ದೇನೆ, ಅದರಲ್ಲಿ ಸುದ್ದಿ ಬಿಟ್ಟು ಬೇರೇನೂ ಓದುವುದಿಲ್ಲ. ಬ್ಯಾಂಕು, ವೀಸಾ, ಕಚೇರಿಯ ಕೆಲಸಗಳೆಲ್ಲ ಫೈರ್‌ಫಾಕ್ಸಿನಲ್ಲಿ, ಬರೀ ಇಂಗ್ಲಿಷಿನಲ್ಲಿ.