ಡ್ರಮ್ ಒಳ್ಳೇದು, ಮುಚ್ಚಳದ ವಾಷರ್ ಮಾತ್ರ ದೇವರಿಗೇ ಪ್ರೀತಿ

ಈ ನೀಲಿ ಡ್ರಮ್ ಮನೆಗೆ ಬಂದು ಐದು ಮಳೆಗಾಲ ಆಯಿತು. 60 ಲೀಟರಿನದು, ಅಗಲ ಬಾಯಿ, ಮುಚ್ಚಳದ ಸುತ್ತ ಕಬ್ಬಿಣದ ರಿಂಗ್, ರಿಂಗಿಗೊಂದು ಲಿವರ್. ಉಳಿದ ಅಳತೆ, ತೂಕ ಎಲ್ಲ ನೀವು ಅಂಗಡಿಯಲ್ಲೇ ನೋಡಿರುತ್ತೀರಿ, ಬಿಡಿ. ಹೆಚ್ಚಿನವರು ಇದರಲ್ಲಿ ನೀರೋ ಹಿಂಡಿಯೋ ತುಂಬುತ್ತಾರೆ. ನಾನು ತುಂಬಿದ್ದು ಡೀಸೆಲ್ ಅಂಬಾಸಿಡರಿನ ಸ್ಪೇರ್ ಸಾಮಾನು.

ನಮ್ಮೂರು ತೀರ್ಥಹಳ್ಳಿ ಕಡೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆ ನಮ್ಮದೇ ತಾಲ್ಲೂಕು ಅಂದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ. ಆಷಾಢದಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಕಬ್ಬಿಣದ ಪಾಡು ಕೇಳಬೇಡಿ.

ಕಾರು ಅಪ್ಪಯ್ಯನದು. 2003ರ ಅಂಬಾಸಿಡರ್, ಇಸುಜು 2 ಲೀಟರ್ ಡೀಸೆಲ್ ಎಂಜಿನ್. ದಿಲ್ಲಿಯಲ್ಲಾಗಿದ್ದರೆ 10 ವರ್ಷ ದಾಟಿದ ಡೀಸೆಲ್ ಕಾರು ಅಂತ ಅದರ ಕಥೆ ಯಾವತ್ತೋ ಮುಗಿಯುತ್ತಿತ್ತು. ಇಲ್ಲಿ ಎಫ್‌ಸಿ ಮಾಡಿಸಿಕೊಂಡು ಇನ್ನೂ ಓಡುತ್ತಿದೆ. 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ನಿಂತ ಸುದ್ದಿ ಬಂದಾಗ ಅಪ್ಪಯ್ಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಶುರುವಾಯಿತು ಸಾಮಾನು ಕೂಡಿಡುವ ಹುಚ್ಚು. ಬೆಂಗಳೂರಿಗೆ ಹೋದರೆ ಜೆ.ಸಿ. ರಸ್ತೆ, ಶಿವಮೊಗ್ಗಕ್ಕೆ ಹೋದರೆ ಆಟೋ ಕಾಂಪ್ಲೆಕ್ಸ್. ಎಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಎಂಟು, ಗ್ಲೋ ಪ್ಲಗ್ ಒಂದು ಸೆಟ್, ಬೇರಿಂಗ್ ಶೆಲ್, ಪಿಸ್ಟನ್ ರಿಂಗ್, ಹೆಡ್ ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಕೊನೆಗೆ ಗುಜರಿಯಿಂದ ಒಂದು ಇಡೀ ಡೀಸೆಲ್ ಪಂಪ್.

ತಂದದ್ದೇನೋ ಸರಿ. ಇಟ್ಟದ್ದೆಲ್ಲಿ? ಒಂದಷ್ಟು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ. "ಹಪ್ಪಳ ಕೆಡದ ಜಾಗದಲ್ಲಿ ಕಬ್ಬಿಣ ಕೆಡುತ್ತಾ?" ಅನ್ನುವುದು ಅಪ್ಪಯ್ಯನ ಲೆಕ್ಕ. ಕೆಡುತ್ತದೆ. ಬಚ್ಚಲಿನ ಹಬೆಯೂ ಒಲೆಯ ಹೊಗೆಯೂ ಸೇರಿ ಬೇರಿಂಗ್ ಶೆಲ್ ಮೇಲೆ ಕಪ್ಪು ಚುಕ್ಕೆ ಎದ್ದವು. ಇನ್ನೊಂದಷ್ಟು ಅಡಿಕೆ ಔಷಧಿ ಕೋಣೆಯಲ್ಲಿ, ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ಚೀಲದ ಪಕ್ಕ. ಮೈಲುತುತ್ತ ಕಬ್ಬಿಣದ ಶತ್ರು. ಅದರ ಪುಡಿ ಹಾರಿ ಬಿದ್ದು, ಮೇಲೆ ಥಂಡಿ ತಾಗಿದರೆ ಮುಗಿಯಿತು. ಎಂಟು ನಾಜಲ್ ಪೈಕಿ ನಾಲ್ಕು ಅಲ್ಲೇ ಹೋದವು.

ನಾಜಲ್ ಹೋಗುವುದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಅದರೊಳಗಿನ ಸೂಜಿಗೂ ಹೊರಗಿನ ಕವಚಕ್ಕೂ ನಡುವಿನ ಸಂದು ತಲೆಕೂದಲಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಎರಡನ್ನೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದರ ಸೂಜಿ ಇನ್ನೊಂದಕ್ಕೆ ಆಗುವುದಿಲ್ಲ. ಕಣ್ಣಿಗೆ ಕಾಣದಷ್ಟು ತುಕ್ಕು ಸಾಕು, ಸೂಜಿ ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಅದನ್ನು ಎಣ್ಣೆ ಸವರಿ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ ಕೊಟ್ಟಿರುತ್ತಾರೆ. ನಮ್ಮವರು ಬಿಚ್ಚಿ, "ಆಹಾ, ಮೈಕೋ ಮಾಲು" ಅಂತ ಬರಿಗೈಲಿ ತಿರುಗಿಸಿ ನೋಡಿ ಹಾಗೇ ಇಡುತ್ತಾರೆ. ಬೆವರಿನ ಉಪ್ಪು ಅಂಟಿದ ಕಡೆ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ. (ಮೈಕೋ ಹೋಗಿ ಬಾಷ್ ಅಂತ ಹೆಸರು ಬದಲಾಗಿದ್ದು 2008ರಲ್ಲಿ. ನಮ್ಮ ಕಡೆ ಪಂಪ್ ರೂಮಿನವರಿಗೆ, ಅಂದರೆ ಡೀಸೆಲ್ ಪಂಪ್, ನಾಜಲ್ ರಿಪೇರಿ ಮಾಡುವವರಿಗೆ, ಇವತ್ತಿಗೂ ಅದು ಮೈಕೋನೇ.)

ಆಗ ತಂದದ್ದು ಈ ಡ್ರಮ್. ಹೊಸದು, 900 ರೂಪಾಯಿ. ಅದಕ್ಕೆ ಮುಂಚೆ 250ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಡ್ರಮ್ ತಂದಿದ್ದೆ. ಮಾವಿನ ಉಪ್ಪಿನಕಾಯಿಯದ್ದು. ನಾಲ್ಕು ಸಲ ತೊಳೆದರೂ ವಾಸನೆ ಹೋಗಲಿಲ್ಲ. ವಾಸನೆ ಹೋಗದಿದ್ದರೆ ಉಪ್ಪೂ ಹೋಗಿಲ್ಲ ಅಂತಲೇ ಅರ್ಥ. ಅದು ಈಗ ಕೊಟ್ಟಿಗೆಯಲ್ಲಿದೆ.

ಡ್ರಮ್ ತುಂಬುವುದು ಮಾರ್ಚ್ ತಿಂಗಳಲ್ಲಿ, ಒಣ ಮಧ್ಯಾಹ್ನ. ಇದು ನನ್ನ ವರ್ಷದ ಹಬ್ಬ. ಅಂಗಳದಲ್ಲಿ ಅಡಿಕೆ ಚಾಪೆಯ ಮೇಲೆ ಹಳೇ ಪಂಚೆ ಹಾಸುತ್ತೇನೆ. ಕೈಗೆ ಗ್ಲೌಸ್. ಒಂದೊಂದೇ ಸಾಮಾನು ತೆಗೆದು, ಸೀಮೆಎಣ್ಣೆಯಂಥ ಎಂಟಿಓದಲ್ಲಿ ತೊಳೆದು, ಒಣಗಿಸಿ, ಹೊಸ ಎಣ್ಣೆ ಸವರುತ್ತೇನೆ. ಎಂಜಿನ್ನಿಂದ ಇಳಿಸಿದ ಹಳೇ ಎಣ್ಣೆ ಮಾತ್ರ ಬೇಡ, ಅದರಲ್ಲಿ ಮಸಿಯ ಜೊತೆಗೆ ಆಮ್ಲವೂ ಇರುತ್ತದೆ. ಆಮೇಲೆ ವಿಸಿಐ ಪೇಪರಿನಲ್ಲಿ ಸುತ್ತುವುದು. ಈ ಪೇಪರಿನಿಂದ ಒಂದು ಬಗೆಯ ಆವಿ ನಿಧಾನಕ್ಕೆ ಹೊರಟು ಲೋಹದ ಮೇಲೆ ತೆಳ್ಳಗೆ ಕೂರುತ್ತದೆ. ತುಕ್ಕು ಹಿಡಿಯಲು ಬಿಡುವುದಿಲ್ಲ. ಮೊದಲ ವರ್ಷ ನಾನು ಒಳಗೆ ನ್ಯೂಸ್‌ಪೇಪರ್ ಸುತ್ತಿ ಅದರ ಮೇಲೆ ಇದನ್ನು ಸುತ್ತಿದ್ದೆ. ಶುದ್ಧ ದಡ್ಡತನ. ನ್ಯೂಸ್‌ಪೇಪರ್ ಥಂಡಿ ಹೀರುತ್ತದೆ, ಆವಿ ಲೋಹಕ್ಕೆ ತಾಗುವುದಕ್ಕೂ ಅಡ್ಡ. ಇನ್ನೊಂದು ವಿಷಯ, ಕೊಳ್ಳುವಾಗ ಯಾವ ಲೋಹಕ್ಕೆ ಅಂತ ಕೇಳಿ. ಕಬ್ಬಿಣಕ್ಕೆ ಮಾತ್ರ ಅಂತ ಮಾಡಿದ ಕೆಲವು ಪೇಪರು ತಾಮ್ರ, ಹಿತ್ತಾಳೆಯ ಬಣ್ಣ ಕೆಡಿಸುತ್ತವೆ. ನಾಜಲ್ ಕೆಳಗೆ ಹಾಕುವ ತಾಮ್ರದ ವಾಷರ್‌ಗಳನ್ನು ಬೇರೆ ಕವರಿನಲ್ಲಿ ಇಡುತ್ತೇನೆ.

ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಾರೆ. "ಬಾಣಂತಿ ಕೋಣೆ ಆಯ್ತಲ್ಲೋ ಇದು. ಮಗುವಿಗೆ ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ, ಬಟ್ಟೆ ಸುತ್ತಿದ ಹಾಗೇ ಮಾಡ್ತೀಯ." ಪಂಪಿನ ಸರದಿ ಬಂದಾಗ ಅಪ್ಪಯ್ಯನೂ ಎದ್ದು ಬರುತ್ತಾರೆ. ಪಂಪಿನೊಳಗೆ ಹಳೇ ಡೀಸೆಲ್ ಬಿಟ್ಟರೆ ಅಂಟಾಗಿ ಕೂರುತ್ತದೆ. ಪಂಪ್ ರೂಮಿನಿಂದ ತಂದ ಕ್ಯಾಲಿಬ್ರೇಶನ್ ಎಣ್ಣೆ ತುಂಬಿ, ಶಾಫ್ಟನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ, ಎಲ್ಲ ತೂತಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಆ ತಿರುಗಿಸುವ ಕೆಲಸ ಅಪ್ಪಯ್ಯನದೇ. ಬೇರೆಯವರಿಗೆ ಬಿಡುವುದಿಲ್ಲ.

ಎಲ್ಲವೂ ಡ್ರಮ್ಮಿಗೆ ಹೋಗುವುದಿಲ್ಲ. ಕ್ಲಚ್ ಪ್ಲೇಟಿಗೆ ಎಣ್ಣೆಯ ಸೋಂಕೂ ಬೇಡ, ಅದು ಅದರದೇ ಕವರಿನಲ್ಲಿ. ಹೆಡ್ ಗ್ಯಾಸ್ಕೆಟ್ ಎರಡು ಪ್ಲೈವುಡ್ ನಡುವೆ ಮಲಗಿದೆ. ಮೊಳೆಗೆ ನೇತುಹಾಕಿದರೆ ಬಾಗುತ್ತದೆ. ಟೈಮಿಂಗ್ ಬೆಲ್ಟ್ ಕೂಡಿಡಲೇ ಹೋಗಬೇಡಿ. ರಬ್ಬರ್ ಸುಮ್ನೆ ಇಟ್ಟರೂ ಮುದಿಯಾಗುತ್ತದೆ. ಬೇಕಾದಾಗ ಹೊಸದು ತನ್ನಿ.

ಇನ್ನು ಸಿಲಿಕಾ ಜೆಲ್. ಅರ್ಧ ಕೆಜಿಯ ಎರಡು ಬಟ್ಟೆ ಚೀಲ ಮಾಡಿದ್ದೇನೆ, ಒಂದು ಒಳಗೆ, ಒಂದು ಹೊರಗೆ. ಕಿತ್ತಳೆ ಬಣ್ಣದ್ದು, ಥಂಡಿ ಕುಡಿದರೆ ಹಸಿರಾಗುತ್ತದೆ. ನೀಲಿಯದ್ದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ತಿಂಗಳಿಗೊಮ್ಮೆ, ಮಳೆ ಹೊಳವಾದ ದಿನ ನೋಡಿ, ಲಿವರ್ ಎತ್ತಿ ಒಂದೇ ನಿಮಿಷದಲ್ಲಿ ಚೀಲ ಬದಲಿಸುತ್ತೇನೆ. ಹಳೇ ಚೀಲವನ್ನು ತಕ್ಕಡಿಗೆ ಹಾಕಿ ತೂಕ ಬರೆದಿಡುತ್ತೇನೆ. ಆಮೇಲೆ ಜೆಲ್ಲನ್ನು ತಟ್ಟೆಗೆ ಸುರಿದು, ಅದಕ್ಕೇ ಅಂತ ಇಟ್ಟ ಹಳೇ ಓಟಿಜಿ ಓವನ್ನಿನಲ್ಲಿ 120 ಡಿಗ್ರಿ, ಎರಡು ಗಂಟೆ. ಬಾಣಲೆಯಲ್ಲಿ ಹುರಿಯಲು ಹೋಗಿ ಒಂದು ಸಲ ಎಲ್ಲ ಕರ್ರಗಾಗಿತ್ತು. ಬಿಸಿ ಇರುವಾಗಲೇ ಗಾಜಿನ ಬಾಟಲಿಗೆ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಆರುವಷ್ಟರಲ್ಲಿ ನಮ್ಮೂರ ಗಾಳಿಯನ್ನೇ ಕುಡಿದುಬಿಡುತ್ತದೆ.

ಎರಡು ಮಳೆಗಾಲ ಎಲ್ಲ ಚೆನ್ನಾಗಿತ್ತು. 500 ಗ್ರಾಂ ಚೀಲ ತಿಂಗಳ ಕೊನೆಗೆ 530 ತೂಗುತ್ತಿತ್ತು. ಬಂದವರಿಗೆಲ್ಲ ಡ್ರಮ್ ಹೊಗಳಿದ್ದೇ ಹೊಗಳಿದ್ದು.

ಮೂರನೇ ವರ್ಷ ಜುಲೈನಲ್ಲಿ ಚೀಲ ತೆಗೆದೆ. 640 ಗ್ರಾಂ. ಪೂರ್ತಿ ಹಸಿರು. ಜೆಲ್ಲೇ ಕಳಪೆ ಅಂದುಕೊಂಡು ಹೊಸದು ತಂದೆ. ಆಗಸ್ಟಿನಲ್ಲೂ ಅದೇ ಕಥೆ. ಒಳಗಿನ ಗಂಟು ಬಿಚ್ಚಿದರೆ ಪಿಸ್ಟನ್ ರಿಂಗಿನ ಅಂಚಿನಲ್ಲಿ ಕೆಂಪು ಚುಕ್ಕೆ. ಒಂದು ಸೆಟ್ ಹೋಯಿತು. ಆ ರಾತ್ರಿ ನನಗೂ ಊಟ ಸೇರಲಿಲ್ಲ.

ಮಾರನೇ ದಿನ, ಫ್ರಿಡ್ಜ್ ಬಾಗಿಲಿಗೆ ಮಾಡುತ್ತಾರಲ್ಲ, ಹಾಗೆ ಮಾಡಿದೆ. ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿ, ಲಿವರ್ ಬಿಗಿದು, ಪಟ್ಟಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಮುಚ್ಚಳದೊಳಗಿನ ವಾಷರ್ ಸ್ಪಂಜಿನಂಥದ್ದು. ಎರಡು ವರ್ಷ ಒತ್ತಿ ಒತ್ತಿ ಚಪ್ಪಟೆಯಾಗಿ, ಮತ್ತೆ ಮೇಲೇಳುವುದನ್ನೇ ಮರೆತಿತ್ತು. 'ಟಕ್' ಅನ್ನುವ ಲಿವರ್ ಸದ್ದು ಮಾತ್ರ ಮೊದಲ ದಿನದ ಹಾಗೇ ಇತ್ತು. ಅದನ್ನೇ ನಂಬಿ ಕೂತಿದ್ದೆ.

ಅಂಗಡಿಗೆ ಫೋನ್ ಮಾಡಿದೆ. "ವಾಷರ್ ಬೇರೆ ಬರಲ್ಲ ಸಾರ್." ಮುಚ್ಚಳ? "ಅದೂ ಬರಲ್ಲ. ಹೊಸ ಡ್ರಮ್ಮೇ ತಗೊಂಡ್ಬಿಡಿ." ಸ್ಪೇರ್ ಸಿಗದ ಕಾರಿನ ಸ್ಪೇರ್ ಕಾಪಾಡಲು ತಂದ ಡ್ರಮ್ಮಿಗೇ ಸ್ಪೇರ್ ಇಲ್ಲ! ಅಪ್ಪಯ್ಯ ಒಂದು ವಾರ ನಕ್ಕರು. ಒಂದು ತುಂಡು ರಬ್ಬರ್ ಉಳಿಸಿ ಇವರಿಗೆ ಎಷ್ಟು ಲಾಭ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದಾರಿ ತೋರಿಸಿದ್ದು ಪಂಕ್ಚರ್ ಅಂಗಡಿಯವನು. ಲಾರಿಯ ಹಳೇ ಟ್ಯೂಬ್ ಸೀಳಿ ಹರಡಿ, ಮುಚ್ಚಳ ಇಟ್ಟು ಗೆರೆ ಎಳೆದು, ಜೋಡಣೆಯೇ ಇಲ್ಲದ ಒಂದು ಅಖಂಡ ಬಳೆ ಕತ್ತರಿಸಿ ಕೊಟ್ಟ. ಟ್ಯೂಬಿನ ಬ್ಯೂಟೈಲ್ ರಬ್ಬರ್ ಗಾಳಿಯನ್ನು ಹಿಡಿದಿಡಲೆಂದೇ ಮಾಡಿದ್ದು ಅಲ್ವಾ. ಹಳೇ ಸ್ಪಂಜಿನ ಮೇಲೇ ಅದನ್ನು ಅಂಟಿಸಿದೆ. ಲಿವರ್ ಈಗ ಬಿಗಿ ಜಾಸ್ತಿ, ಮೊಣಕಾಲು ಊರಿ ಎಳೆಯಬೇಕು. 'ಟಕ್' ಹೋಗಿ 'ಗುಕ್' ಅನ್ನುತ್ತದೆ. ಆದರೆ ಕಾಗದ ಎಳೆದರೆ ಹರಿಯುತ್ತದೆಯೇ ಹೊರತು ಜಾರುವುದಿಲ್ಲ. ಖರ್ಚು 40 ರೂಪಾಯಿ. ಕಳೆದ ಎರಡು ಮಳೆಗಾಲದಲ್ಲಿ ಚೀಲ 525 ದಾಟಿಲ್ಲ.

ಹಾಗಾಗಿ ಕೋಪ ಇಳಿದಿದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಪ್ಲಾಸ್ಟಿಕ್ ಗಟ್ಟಿ, ರಿಂಗಿಗೆ ಸ್ವಲ್ಪ ತುಕ್ಕು ಬಂದಿದೆ, ಪರವಾಗಿಲ್ಲ. ನೆಲದ ಮೇಲೆ ನೇರ ಇಡಬೇಡಿ, ಕೆಳಗೊಂದು ಹಲಗೆ ಹಾಕಿ. ಬಯಲುಸೀಮೆಯವರಿಗೆ ಇಷ್ಟೆಲ್ಲ ಬೇಕಿಲ್ಲ, ಎಣ್ಣೆ ಸವರಿ ಒಳ್ಳೆ ಕವರಿನಲ್ಲಿ ಕಟ್ಟಿಟ್ಟರೆ ಸಾಕು. ಘಟ್ಟದ ಮೇಲಿನವರು, ಕರಾವಳಿಯವರು ತಗೊಳ್ಳಿ. ತಂದ ದಿನವೇ ವಾಷರ್ ಬದಲಿಸಿಬಿಡಿ.

ಈ ಮಾರ್ಚಿನಲ್ಲಿ ಉಳಿದ ನಾಲ್ಕು ನಾಜಲ್ ಕೊನೆಗೂ ಕೆಲಸಕ್ಕೆ ಬಂದವು. ಕಾರು ಕಪ್ಪು ಹೊಗೆ ಬಿಡುತ್ತಿತ್ತು. ಶಿವಮೊಗ್ಗದ ಪಂಪ್ ರೂಮಿಗೆ ಒಯ್ದೆ. ಅಲ್ಲಿಯವರು ಒಂದೊಂದನ್ನೇ ಟೆಸ್ಟರಿಗೆ ಹಾಕಿ ಕೈಪಂಪ್ ಒತ್ತಿದರು. ಒಳ್ಳೆ ನಾಜಲ್ 'ಕರ್ರ್' ಅಂತ ಗೊಣಗುತ್ತಾ ಮಂಜಿನ ಹಾಗೆ ಉಗುಳುತ್ತದೆ. ನಾಲ್ಕೂ ಗೊಣಗಿದವು. "ಯಾವ ಕಾಲದ ಮಾಲು ಸಾರ್ ಇದು, ನಿನ್ನೆ ಡಬ್ಬಿ ಒಡೆದ ಹಾಗಿದೆ" ಅಂದರು. ಎಲ್ಲಿಟ್ಟಿದ್ದೆ ಅಂತ ಹೇಳಿದೆ. ತಮ್ಮ ಹಿಂದಿನ ತೆರೆದ ಶೆಲ್ಫ್ ಕಡೆ ಒಮ್ಮೆ ನೋಡಿ, ಡ್ರಮ್ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಅಂಗಡಿಯ ನಂಬರ್ ಕೊಟ್ಟೆ. ಜೊತೆಗೆ ಪಂಕ್ಚರ್ ಅಂಗಡಿಯವನದ್ದೂ.