ಸ್ಪಿಟ್‌ಫೈರ್ ಹಂದರ ಮತ್ತು ಫ್ರೀಕ್ಯಾಡ್: ಬಹಳ ಕಾಲ ಬಳಸಿದ ಮೇಲೆ

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಹಂದರವನ್ನು ಕಂಪ್ಯೂಟರಿನಲ್ಲಿ ಕಟ್ಟುವಾಗ ಹನ್ನೊಂದನೇ ಫ್ರೇಮಿನಲ್ಲಿ (ಮೈಯ ಅಡ್ಡ ಚೌಕಟ್ಟಿನಲ್ಲಿ) ಒಂದು ತೂತು ಹೆಚ್ಚಿಗೆ ಕೊರೆದರೆ ಸಾಕು, ಅದರ ಮೇಲೆ ಕೂರಿಸಿದ್ದ ಸೀಟಿನ ಬ್ರಾಕೆಟ್ ಎಲ್ಲೋ ಹೋಗಿ ಅಂಟಿಕೊಳ್ಳುತ್ತದೆ. ಫ್ರೀಕ್ಯಾಡ್ ಎಂಬ ಉಚಿತ 3ಡಿ ವಿನ್ಯಾಸ ತಂತ್ರಾಂಶದ ಮೇಲಿನ ಹಳೆಯ ದೊಡ್ಡ ತಕರಾರು ಇದು. ಭಾಗದ ಪ್ರತಿ ಮುಖಕ್ಕೂ ಅಂಚಿಗೂ ತಂತ್ರಾಂಶ ಒಂದು ಸಂಖ್ಯೆ ಕೊಟ್ಟಿರುತ್ತದೆ. ಹೊಸ ತೂತು ಬಿದ್ದಾಗ ಆ ಸಂಖ್ಯೆಗಳು ಸರಿಯುತ್ತವೆ, ಅವನ್ನು ನಂಬಿ ಕೂತದ್ದೆಲ್ಲ ಜಾರುತ್ತದೆ. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿ ಇದನ್ನು ಬಹಳ ತಗ್ಗಿಸಿದೆ, ಪೂರ್ತಿ ನಿಲ್ಲಿಸಿಲ್ಲ. ಚಿಕ್ಕ ಯಂತ್ರಭಾಗಕ್ಕೆ ಇದು ಲೆಕ್ಕಕ್ಕಿಲ್ಲ. ಯುದ್ಧವಿಮಾನದ ಒಳರಚನೆಗೆ ಕೈಹಾಕಿದವರಿಗೆ ಮಾತ್ರ ಜೀವ ಹಿಂಡುತ್ತದೆ.

ಪರಿಹಾರ ಒಂದೇ: ಯಾವ ಸ್ಕೆಚ್ಚನ್ನೂ (ಭಾಗಕ್ಕೆ ಆಧಾರವಾದ ಚಪ್ಪಟೆ ರೇಖಾಚಿತ್ರ) ಇನ್ನೊಂದು ಭಾಗದ ಮುಖದ ಮೇಲೆ ಬರೆಯಬೇಡಿ. ಮೊದಲು ಸ್ಪ್ರೆಡ್‌ಶೀಟ್ ತೆರೆದು ಫ್ರೇಮುಗಳ ದೂರಗಳನ್ನೆಲ್ಲ ತುಂಬಿ. ಅದರಿಂದ ಡೇಟಮ್ ಪ್ಲೇನುಗಳನ್ನು (ಸ್ಕೆಚ್ ಬರೆಯಲು ಆಧಾರವಾಗುವ ಕಾಲ್ಪನಿಕ ಸಮತಲಗಳನ್ನು) ನಿಲ್ಲಿಸಿ, ಆಮೇಲೆ ಭಾಗ ಶುರು ಮಾಡಿ. ಸ್ಪಿಟ್‌ಫೈರ್‌ನಲ್ಲಿ ಐದನೇ ಫ್ರೇಮೇ ಆಧಾರ. ಎಂಜಿನ್ನಿನ ಭಾರ ಹೊರುವ ಜೋಡಿ ಫ್ರೇಮ್ ಅದು. ಬೆಂಕಿತಡೆ ಗೋಡೆಯೂ ಅಲ್ಲೇ, ಮೈಯುದ್ದಕ್ಕೂ ಹೋಗುವ ದಪ್ಪ ತೊಲೆಗಳಾದ ನಾಲ್ಕು ಮುಖ್ಯ ಲಾಂಜೆರಾನ್‌ಗಳ ಹಿಡಿತವೂ ಅಲ್ಲೇ. ಮೂಲಬಿಂದುವನ್ನು ಅಲ್ಲಿಡಿ. ಅದರ ಹಿಂದಿನ ಐದು ಫ್ರೇಮುಗಳು ಪೂರ್ಣ ಬಳೆಗಳಲ್ಲ, ಪೆಟ್ರೋಲ್ ಟ್ಯಾಂಕಿಗೂ ಕಾಕ್‌ಪಿಟ್ಟಿಗೂ ಜಾಗ ಬಿಟ್ಟ ಯು ಆಕಾರದವು. 11ರಿಂದ 19ರವರೆಗೆ ಅಂಡಾಕಾರ. 19ನೆಯದು ತುಸು ಮುಂದಕ್ಕೆ ವಾಲಿದೆ. ಅದರ ಪ್ಲೇನಿಗೆ ಆ ವಾಲು ಕೊಡದಿದ್ದರೆ ಬಾಲದ ಭಾಗ ಎಷ್ಟು ತಿದ್ದಿದರೂ ಕೂರುವುದಿಲ್ಲ.

ಮೈಯುದ್ದದ ಸಣ್ಣ ಪಟ್ಟಿಗಳಾದ 14 ಸ್ಟ್ರಿಂಗರ್‌ಗಳಿಗೆ ಫ್ರೇಮುಗಳಲ್ಲಿ ಕಚ್ಚು ಕತ್ತರಿಸುವಾಗ ಒಂದೊಂದಾಗಿ ಕತ್ತರಿಸಬೇಡಿ. ಹದಿನಾಲ್ಕನ್ನೂ ಒಂದು ಕಾಂಪೌಂಡ್ (ಒಟ್ಟುಗೂಡಿಸಿದ ಗುಂಪು) ಮಾಡಿ, ಪ್ರತಿ ಫ್ರೇಮಿಗೆ ಒಂದೇ ಕಟ್ ಕೊಡಿ. ಕತ್ತರಿಸುವ ಆಕಾರದ ಮುಖ ಫ್ರೇಮಿನ ಮುಖಕ್ಕೆ ಸರಿಯಾಗಿ ತಾಗಿ ನಿಂತರೆ ಕಟ್ ಕೆಡುವುದು ಹೆಚ್ಚು, 0.1 ಮಿ.ಮೀ. ಆಚೆಗೆ ಚಾಚಲಿ. ಹೊದಿಕೆ ತಗಡು 24, 20, 18 ಗೇಜಿನದು. ಇದು ಬ್ರಿಟಿಷ್ ಗೇಜ್: ಕ್ರಮವಾಗಿ 0.56, 0.91, 1.22 ಮಿ.ಮೀ. ಅಮೆರಿಕದ ಪಟ್ಟಿ ನೋಡಿದರೆ 20ನೇ ಗೇಜು 0.81 ಆಗಿಬಿಡುತ್ತದೆ.

ಇಷ್ಟು ಬೈದ ಮೇಲೆ ರೆಕ್ಕೆಯುದ್ದಕ್ಕೂ ಭಾರ ಹೊರುವ ತೊಲೆಯಾದ ಸ್ಪಾರ್‌ನ ಮಾತು ಹೇಳಲೇಬೇಕು, ಈ ತಂತ್ರಾಂಶದ ಮೇಲೆ ಪ್ರೀತಿ ಹುಟ್ಟುವುದು ಅಲ್ಲಿ. ರೆಕ್ಕೆಯ ಮುಖ್ಯ ಸ್ಪಾರ್‌ಗೆ ಮೇಲೊಂದು, ಕೆಳಗೊಂದು ಬೂಮ್ (ಉದ್ದ ದಂಡ), ನಡುವೆ ಅವೆರಡನ್ನೂ ಕೂಡಿಸುವ ಮಿಶ್ರಲೋಹದ ವೆಬ್. ಪ್ರತಿ ಬೂಮ್ ಒಂದರೊಳಗೊಂದು ತೂರಿಸಿದ ಐದು ಚೌಕ ಕೊಳವೆಗಳದು. ತುದಿಯ ಕಡೆ ರೆಕ್ಕೆ ತೆಳ್ಳಗಾದ ಹಾಗೆ ಕೊಳವೆಗಳು ಒಂದೊಂದಾಗಿ ನಿಲ್ಲುತ್ತವೆ, ಜೀಪಿನ ಲೀಫ್ ಸ್ಪ್ರಿಂಗಿನ ಪಟ್ಟಿಗಳ ಹಾಗೆ. ಐದು ಸ್ಕೆಚ್, ಐದು ಪ್ಯಾಡ್ (ಸ್ಕೆಚ್ಚನ್ನು ಉದ್ದಕ್ಕೆ ಎಳೆದ ಘನಾಕೃತಿ), ಪ್ರತಿ ಪ್ಯಾಡಿನ ಉದ್ದ ಸ್ಪ್ರೆಡ್‌ಶೀಟಿನ ಒಂದೊಂದು ಕೋಶದಿಂದ. ಅವನ್ನು ಫ್ಯೂಸ್ ಮಾಡಿ ಒಂದಾಗಿಸದೆ ಬೇರೆ ಬೇರೆಯಾಗಿಯೇ ಇಡಿ. ಆಮೇಲೆ ಒಳಭಾಗ ತೋರಿಸಲು ನೋಟವನ್ನು ಅಡ್ಡ ಕತ್ತರಿಸುವ ಕ್ಲಿಪ್ಪಿಂಗ್ ಪ್ಲೇನ್ ತೆರೆದು ಬುಡದಿಂದ ತುದಿಗೆ ಮೆಲ್ಲಗೆ ಸರಿಸಿ: ಕೊಳವೆಗಳು ಕಣ್ಣೆದುರೇ ಒಂದೊಂದಾಗಿ ಕಳಚುತ್ತವೆ. ಕೆಲಸ ಮುಗಿಸುವ ಮುನ್ನ ದಿನಾ ಒಮ್ಮೆ ಹೀಗೆ ನೋಡುವ ಸುಖವೇ ಬೇರೆ. ತಪ್ಪಿದ ಉದ್ದವೂ ಆಗಲೇ ಸಿಕ್ಕಿಬೀಳುತ್ತದೆ.

ರೆಕ್ಕೆಯನ್ನು ಮಟ್ಟಸವಾಗಿ ಕಟ್ಟಿ, ಕೊನೆಗೆ ಅದರ ಭಾಗಗಳನ್ನೆಲ್ಲ ಹಿಡಿದ ಇಡೀ ಕಂಟೇನರನ್ನು 6 ಡಿಗ್ರಿ ಮೇಲೆತ್ತಿ. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳ ಕೋನ ಬುಡದಲ್ಲಿ +2 ಡಿಗ್ರಿ, ತುದಿಯಲ್ಲಿ −0.5. ಹೊದಿಕೆಗೆ ಎಲ್ಲ ರಿಬ್‌ಗಳನ್ನೂ ಲಾಫ್ಟ್‌ಗೆ (ಆಕಾರಗಳ ನಡುವೆ ಮೇಲ್ಮೈ ಹಾಸುವ ಉಪಕರಣಕ್ಕೆ) ಕೊಟ್ಟರೆ ಮೇಲ್ಮೈ ಅಲೆಯಲೆಯಾಗುತ್ತದೆ. ಕರ್ವ್ಸ್ ಆಡ್‌ಆನ್‌ನ ಗಾರ್ಡನ್ ಸರ್ಫೇಸಿಗೆ (ಅಡ್ಡ, ಉದ್ದ ಗೆರೆಗಳ ಜಾಲದ ಮೇಲೆ ಮೇಲ್ಮೈ ಹಾಸುವ ಉಪಕರಣ) ಕೆಲವೇ ರಿಬ್ ಕೊಡಿ; ಪ್ರತಿ ಗೆರೆಯೂ ಹಿಂಬದಿ ಅಂಚಿನಿಂದಲೇ ಶುರುವಾಗಲಿ, ಇಲ್ಲವಾದರೆ ತಿರುಚಿಕೊಳ್ಳುತ್ತದೆ. ಮೇಲ್ಮೈಗೆ ದಪ್ಪ ಕೊಡುವ ಥಿಕ್‌ನೆಸ್ ಉಪಕರಣ ಹಿಂಬದಿಯ ಚೂಪು ಅಂಚಿನಲ್ಲಿ ಸೋಲುವುದೇ ಹೆಚ್ಚು. ಅಲ್ಲಿ ಹೊದಿಕೆ ಬರೀ ಮೇಲ್ಮೈಯಾಗಿಯೇ ಇರಲಿ. ರಿವೆಟ್‌ಗಳ ತೂತನ್ನಂತೂ ಕೊರೆಯಲೇಬೇಡಿ, 8 ಜಿಬಿ ಲ್ಯಾಪ್‌ಟಾಪ್ ಕೂತುಬಿಡುತ್ತದೆ. ಮೈ, ರೆಕ್ಕೆ, ಬಾಲ ಬೇರೆ ಬೇರೆ ಫೈಲಿನಲ್ಲಿದ್ದು ಲಿಂಕಿನಿಂದ ಕೂಡಲಿ.

ಕೊಡಗಿನವರಿಗೆ ಇನ್ನೊಂದು ಕಾರಣಕ್ಕೂ ಇದು ಹೊಂದುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ನೆಟ್‌ವರ್ಕಿಗೆ ಭರವಸೆಯಿಲ್ಲ. ಫ್ರೀಕ್ಯಾಡಿಗೆ ಲಾಗಿನ್ ಇಲ್ಲ, ಚಂದಾ ಇಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟಿನ ಹಂಗಿಲ್ಲ. ಕರೆಂಟಿನ ಹಂಗು ಇದ್ದೇ ಇದೆ: ತಾನಾಗಿ ಉಳಿಸುವ ಅವಧಿ 15 ನಿಮಿಷ ಇರುತ್ತದೆ, ಪ್ರಿಫರೆನ್ಸಸ್‌ನ ಡಾಕ್ಯುಮೆಂಟ್ ಪುಟದಲ್ಲಿ ಅದನ್ನು 5ಕ್ಕೆ ಇಳಿಸಿ, ಬ್ಯಾಕಪ್ ಪ್ರತಿಗಳನ್ನು ಒಂದರಿಂದ ನಾಲ್ಕಕ್ಕೆ ಏರಿಸಿ.

1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹಾರಿಸಿದ ಫ್ರೆಂಚ್ ಜೆಟ್ ಮಿಸ್ಟೇರ್ ಕಟ್ಟಬೇಕೆಂಬ ಆಸೆ ಇಲ್ಲಿನ ಹುಡುಗರಿಗೆ ಸಹಜ. ಆದರೂ ಸ್ಪಿಟ್‌ಫೈರ್‌ನಿಂದಲೇ ಶುರು ಮಾಡಿ. ಇದರ ಒಳರಚನೆ ಬಗ್ಗೆ ಬರೆದದ್ದು ಬೇಕಾದಷ್ಟು ಸಿಗುತ್ತದೆ, ಆರ್‌ಐಎಎಫ್ (ರಾಯಲ್ ಇಂಡಿಯನ್ ಏರ್‌ಫೋರ್ಸ್) ಸ್ಕ್ವಾಡ್ರನ್‌ಗಳೂ ಇದನ್ನು ಹಾರಿಸಿದ್ದವು. ಫ್ರೇಮ್ 5ರಿಂದ 11ರವರೆಗೆ ಕೆಡದೆ ನಿಂತರೆ ಮಿಸ್ಟೇರ್‌ಗೆ ಹೊಸ ಸ್ಪ್ರೆಡ್‌ಶೀಟ್ ತೆರೆಯಬಹುದು.