ದೊಡ್ಡ ಮಾನಿಟರ್‌ಗೆ ಲ್ಯಾಪ್‌ಟಾಪ್: ಎಚ್‌ಡಿಎಂಐ, ಹಬ್ಬು, ಟೈಪ್‌ಸಿ, ಮೂರೂ ಹಾಕಿ ನೋಡಿದ್ಮೇಲೆ

ನನ್ ಓಟು ಟೈಪ್‌ಸಿಗೆ, ಮೊದಲೇ ಹೇಳ್ಬಿಡ್ತೀನಿ. 27 ಇಂಚಿನ 4ಕೆ ಮಾನಿಟರ್ ತಗೊಂಡು ಮೂರೂ ದಾರೀಲಿ ಜೋಡಿಸಿ ಕೆಲಸ ಮಾಡಿದೀನಿ, ಒಂದೇ ಕೇಬಲ್ ಸಿಕ್ಕಿಸಿದ್ರೆ ಚಿತ್ರ ಬರುತ್ತೆ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತೆ, ಮಾನಿಟರ್ ಹಿಂದೆ ಚುಚ್ಚಿರೋ ಕೀಬೋರ್ಡು ಮೌಸೂ ಕೆಲಸ ಶುರು ಮಾಡ್ತವೆ, ಈ ಸುಖ ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ಲ.

ನಂದು ಕನ್ನಡ ಪುಸ್ತಕಗಳ ಪುಟ ಕಟ್ಟೋದು, ಕರಡು ತಿದ್ದೋದು. ‘ರಾಷ್ಟ್ರ’ ಥರ ಒಂದು ಒತ್ತಿನ ಜೊತೆ ಇನ್ನೊಂದು ಒತ್ತು ಬರೋ ಪದಗಳನ್ನ ದಿನವಿಡೀ ನೋಡ್ಬೇಕು, ಅದಕ್ಕೇ 4ಕೆ ಬೇಕಾಗಿದ್ದು. ಗೇಮ್ಸ್ ಆಡಲ್ಲ, 144 ಹರ್ಟ್ಸ್ (ಅಂದ್ರೆ ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋದು) ನನಗೆ ಬೇಡ.

ಎಚ್‌ಡಿಎಂಐ ಎಲ್ಲಕ್ಕಿಂತ ಅಗ್ಗ, ಮಾನಿಟರ್ ಡಬ್ಬದಲ್ಲೇ ಕೇಬಲ್ ಇರುತ್ತೆ. ಆದ್ರೆ ನನ್ ಲ್ಯಾಪ್‌ಟಾಪಿಂದು ಎಚ್‌ಡಿಎಂಐ 1.4, ಅದ್ರಲ್ಲಿ 4ಕೆ ಅಂದ್ರೆ 30 ಹರ್ಟ್ಸೇ ಗತಿ. ಸಿನಿಮಾ ನೋಡೋರಿಗೆ 30 ಗೊತ್ತೂ ಆಗಲ್ಲ, ಆದ್ರೆ ಮೌಸ್ ಹಿಡಿದು ಪುಟ ಮೇಲೆ ಕೆಳಗೆ ಮಾಡೋರಿಗೆ ಬಾಣ ಕೈ ಹಿಂದೆ ಹಿಂದೇನೇ ಬರುತ್ತೆ, ಸ್ಕ್ರೋಲ್ ಮಾಡ್ತಾ ಸಾಲು ಓದೋಕಾಗಲ್ಲ, ನಿಲ್ಲಿಸಿ ಓದ್ಬೇಕು, ಸಂಜೆ ಹೊತ್ತಿಗೆ ತಲೆನೋವು. 60 ಬೇಕು ಅಂತ ಚುಕ್ಕೆ ಕಡಿಮೆ ಇರೋ 1080ಪಿಗೆ ಇಳಿಸಿದ್ರೆ ಒತ್ತಕ್ಷರ ಕಲಸಿಹೋಗುತ್ತೆ, ಆಮೇಲೆ 4ಕೆಗೆ ದುಡ್ಡು ಕೊಟ್ಟು ಏನು ಬಂತು?

ಹಬ್ (ಲ್ಯಾಪ್‌ಟಾಪಿನ ಟೈಪ್‌ಸಿಗೆ ಚುಚ್ಚಿದ್ರೆ ಎಚ್‌ಡಿಎಂಐ, ಯುಎಸ್‌ಬಿ ಪೋರ್ಟ್‌ಗಳನ್ನ ಕೊಡೋ ಡಬ್ಬಿ) ಹಾಕಿದ್ರೆ ಸರಿಹೋಗುತ್ತೆ ಅಂತ ಅಂಗಡೀಲಿ ಹೇಳಿದ್ರು, ಡಬ್ಬದ ಮೇಲೂ ‘4ಕೆ’ ಅಂತ ದೊಡ್ಡಕ್ಷರದಲ್ಲಿತ್ತು. ಹಾಕಿದ್ರೆ ಮತ್ತೆ ಅದೇ 30. ಕಾರಣ ತಿಳ್ಕೊಂಡ್ರೆ ನಿಮ್ಮ ದುಡ್ಡು ಉಳಿಯುತ್ತೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಟೈಪ್‌ಸಿ ಒಳಗೆ ವೇಗದ ಲೇನ್‌ಗಳು, ಅಂದ್ರೆ ಡೇಟಾ ಓಡೋ ದಾರಿಗಳು, 4. ಹಬ್ಬಲ್ಲಿ ಯುಎಸ್‌ಬಿ 3 ಪೋರ್ಟ್ ಇದ್ರೆ ಸಾಮಾನ್ಯವಾಗಿ ಅದಕ್ಕೆ 2 ಹೋಗುತ್ತೆ, ಚಿತ್ರಕ್ಕೆ ಉಳಿಯೋದು 2. ಟೈಪ್‌ಸಿ ಒಳಗೆ ಚಿತ್ರ ಸಾಗಿಸೋ ಪದ್ಧತಿಗೆ ಡಿಸ್‌ಪ್ಲೇಪೋರ್ಟ್ ಅಂತಾರೆ, ಅದು 1.2 ಆದ್ರೆ ಆ ಎರಡರಲ್ಲಿ ಸೆಕೆಂಡಿಗೆ ಸಾಗೋದು 8.64 ಗಿಗಾಬಿಟ್, 4ಕೆ 60ಕ್ಕೆ ಬೇಕಾಗಿರೋದು 12ಕ್ಕಿಂತ ಜಾಸ್ತಿ. ಲ್ಯಾಪ್‌ಟಾಪು ಹಬ್ಬು ಎರಡೂ ಡಿಸ್‌ಪ್ಲೇಪೋರ್ಟ್ 1.4 ಆಗಿದ್ರೆ ಅದೇ 2 ಲೇನಲ್ಲಿ 60 ಬರುತ್ತೆ, ಹಬ್ಬಿನ ಎಚ್‌ಡಿಎಂಐ 2.0 ಇರ್ಬೇಕು ಅಷ್ಟೇ. ಹಾಗಾಗಿ ಡಬ್ಬದಲ್ಲಿ ಬರೀ ‘4ಕೆ’ ಅಂತಿದ್ರೆ ನಂಬಬೇಡಿ, ‘4ಕೆ 60 ಹರ್ಟ್ಸ್’ ಅಂತ ಬರೆದಿದೆಯಾ ನೋಡಿ.

ಇನ್ನು ಟೈಪ್‌ಸಿ ನೇರವಾಗಿ ಮಾನಿಟರ್‌ಗೆ. ನನ್ ಮಾನಿಟರಲ್ಲಿ ನಾಲ್ಕೂ ಲೇನ್ ಚಿತ್ರಕ್ಕೇ ಹೋಗುತ್ತೆ, ಹಳೇ 1.2 ಆದ್ರೂ 60 ಸಲೀಸಾಗಿ ಬರುತ್ತೆ. ಮಾನಿಟರೇ 65 ವ್ಯಾಟ್ ಕೊಡೋದ್ರಿಂದ ಲ್ಯಾಪ್‌ಟಾಪ್ ಚಾರ್ಜರ್ ಬ್ಯಾಗಲ್ಲೇ ಇರುತ್ತೆ, ಮೇಜಿನ ಮೇಲೆ ಒಂದೇ ವೈರು. ಕರೆಂಟ್ ಹೋದ್ರೆ ಮಾನಿಟರ್ ಆಫ್ ಆಗುತ್ತೆ, ತೆರೆದಿದ್ದ ಫೈಲೆಲ್ಲ ಲ್ಯಾಪ್‌ಟಾಪ್ ಪರದೆಗೆ ಬಂದು ಕೂರುತ್ತೆ, ಬ್ಯಾಟರೀಲಿ ಕೆಲಸ ಮುಂದುವರಿಯುತ್ತೆ. ಒಂದು ಕೊರತೆ ಇದೆ: ಎಲ್ಲಾ ಲೇನೂ ಚಿತ್ರಕ್ಕೆ ಹೋದ್ಮೇಲೆ ಮಾನಿಟರ್ ಹಿಂದಿರೋ ಯುಎಸ್‌ಬಿ ಪೋರ್ಟ್‌ಗಳು ನಿಧಾನದ ಯುಎಸ್‌ಬಿ 2.0 ವೇಗಕ್ಕೆ ಇಳಿಯುತ್ತವೆ, ಹಾರ್ಡ್‌ಡಿಸ್ಕಿಂದ ದೊಡ್ಡ ಫೈಲ್ ಕಾಪಿ ಮಾಡೋವಾಗ ನಾನು ಲ್ಯಾಪ್‌ಟಾಪಿಗೇ ಚುಚ್ತೀನಿ.

ವೈರ್‌ಲೆಸ್ಸೂ ನೋಡ್ದೆ. ಟೈಪ್ ಮಾಡಿದ್ದು ತಡವಾಗಿ ಕಾಣುತ್ತೆ, ಬೇಡ.

ಟೈಪ್‌ಸಿ ಇರೋ ಮಾನಿಟರ್‌ಗೆ ಕೆಲವು ಸಾವಿರ ಜಾಸ್ತಿ ಬೀಳುತ್ತೆ. ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲಲ್ಲ, ಎಚ್‌ಡಿಎಂಐ 2.0 ಇದೆ ಅನ್ನೋರು ಆ ದುಡ್ಡು ಉಳಿಸ್ಕೊಳ್ಳಿ. ದಿನಾ ಆಫೀಸಿಗೆ ಹೊತ್ಕೊಂಡು ಹೋಗೋರು ಕೊಡಿ, ಆದ್ರೆ ಮೊದಲು ನಿಮ್ಮ ಟೈಪ್‌ಸಿ ಪೋರ್ಟಲ್ಲಿ ಚಿತ್ರ ಹೊರಗೆ ಬರುತ್ತಾ ಅಂತ ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಹಾಕಿ ಖಾತ್ರಿ ಮಾಡ್ಕೊಳ್ಳಿ, ಎಲ್ಲಾ ಪೋರ್ಟಲ್ಲೂ ಬರಲ್ಲ, ಫೋನ್ ಜೊತೆ ಕೊಡೋ ಚಾರ್ಜಿಂಗ್ ಕೇಬಲಲ್ಲಂತೂ ಸಾಮಾನ್ಯವಾಗಿ ಬರೋದೇ ಇಲ್ಲ, ಮಾನಿಟರ್ ಜೊತೆ ಬಂದಿರೋದನ್ನೇ ಹಾಕಿ.